ಜಾಮೂನಿನ ಮೂರನೇ ಬೆರಳು

ಚಂದ್ರಾಮಪ್ಪ ಶಹಾಪುರದ ಕಡೆಯ ಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷ ಎತ್ತುಗಳಿಗೆ ಲಾಳ ಬಡಿದವನು. ಎತ್ತನ್ನು ಹಗ್ಗ ಹಾಕಿ ಕೆಡವಿ, ಕಾಲು ಕೂಡಿಸಿ ಕಟ್ಟಿ, ಗೊರಸನ್ನು ಉಳಿಯಿಂದ ಹೆರೆದು ಮೊಳೆ ಕೂರಿಸಿದನೆಂದರೆ, ಬಿಚ್ಚಿದ ಮರುಗಳಿಗೆ ಎತ್ತು ಎದ್ದು ಮೈ ಕೊಡವಿಕೊಂಡು ನಡೆದುಬಿಡುತ್ತಿತ್ತು. ಊರಿಗೆ ಟ್ರ್ಯಾಕ್ಟರುಗಳು ಬಂದು ಗಾಡಿಗಳು ಮೂಲೆ ಸೇರಿದಾಗ ಅವನು ಗೊಣಗಲಿಲ್ಲ. ಹೆಂಡತಿ ಶೇಷಮ್ಮನನ್ನು ಕರೆದುಕೊಂಡು ಬೆಂಗಳೂರಿಗೆ ಬಂದು, ಕಲ್ಯಾಣ ನಗರದಲ್ಲಿ ರಿಂಗ್ ರೋಡಿನ ಪಕ್ಕದ ಪಂಕ್ಚರ್ ಅಂಗಡಿ ಸೇರಿಕೊಂಡ.

"ಊರಾಗ ಮೊಳಿ ಬಡೀತಿದ್ದೆ, ಇಲ್ಲಿ ಮೊಳಿ ಕೀಳ್ತೀನಿ. ಒಟ್ಟ ಮೊಳಿ ನನ್ನ ಬಿಡವಲ್ದು" ಎಂದು ಕೇಳಿದವರಿಗೆಲ್ಲ ಹೇಳಿ ತಾನೇ ಮೊದಲು ನಗುತ್ತಿದ್ದ.

ಗಂಡ ಹೆಂಡತಿ ರಾಮಮೂರ್ತಿ ನಗರದಲ್ಲಿ ಪ್ರೇಮಕ್ಕನ ಮನೆಯ ಹಿಂದಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದರು. ಪ್ರೇಮಕ್ಕ ಟೆಲಿಫೋನ್ ಇಲಾಖೆಯಿಂದ ನಿವೃತ್ತಳಾದವಳು. ಜೊತೆಗೆ ಇದ್ದದ್ದು ಜಾಮೂನು ಎಂಬ ಕಂದು ಬಣ್ಣದ ನಾಯಿ. ಜಾತಿ ಗೊತ್ತಿಲ್ಲ, ಕಿವಿ ಒಂದು ನೆಟ್ಟಗೆ, ಒಂದು ಜೋಲು. ಪ್ರೇಮಕ್ಕನಿಗೆ ಮಂಡಿನೋವು ಬಂದಮೇಲೆ ಅದರ ಬೆಳಗಿನ ವಾಕಿಂಗ್ ನಿಂತುಹೋಗಿತ್ತು. ದಿನವಿಡೀ ನುಣುಪು ನೆಲದ ಮೇಲೆ ಮಲಗಿದ್ದು, ಸಂಜೆ ಚಂದ್ರಾಮಪ್ಪನ ಸೈಕಲ್ಲಿನ ಗಂಟೆ ಕೇಳಿದೊಡನೆ ಗೇಟಿಗೆ ಹಾರುತ್ತಿತ್ತು. ಅವನು ಇಳಿಯುವ ಮೊದಲೇ ಮುಂಗಾಲೆರಡನ್ನೂ ಕ್ಯಾರಿಯರ್ ಮೇಲೆ ಇಟ್ಟು ನಿಲ್ಲುತ್ತಿತ್ತು. ಅವನು ತಲೆ ಸವರಿದ ಮೇಲೇ ಇಳಿಯುವುದು.

ಎರಡು ಸಾವಿರದ ಎರಡನೇ ಇಸವಿಯ ಒಂದು ಶನಿವಾರ ಬೆಳಿಗ್ಗೆ ಜಾಮೂನು ಮೂರೇ ಕಾಲಿನಲ್ಲಿ ಕುಂಟುತ್ತಾ ಹೊರಗೆ ಬಂತು. ಬಲ ಮುಂಗಾಲು ನೆಲಕ್ಕೆ ತಾಗುತ್ತಿರಲಿಲ್ಲ.

"ಚಂದ್ರಾಮಪ್ಪ! ಬೇಗ ಬನ್ರೀ, ಮಗೂಗೆ ಏನೋ ಆಗ್ಬಿಟ್ಟಿದೆ" ಎಂದು ಪ್ರೇಮಕ್ಕ ಕೂಗಿದಳು. ಅವಳ ಕಣ್ಣಲ್ಲಿ ಆಗಲೇ ನೀರು.

ಚಂದ್ರಾಮಪ್ಪ ಕುಕ್ಕರಗಾಲಲ್ಲಿ ಕೂತು ದೂರದಿಂದಲೇ ನೋಡಿದ. "ಮೊಳಿ ಹೊಕ್ಕದ ಅಕ್ಕಾರ. ಹೆದರಬ್ಯಾಡ್ರಿ, ಈಗ ಕಿತ್ತು ಕೈಯಾಗ ಕೊಡ್ತೀನಿ."

"ಮೊಳೀನೋ, ದೃಷ್ಟೀನೋ" ಎಂದಳು ಶೇಷಮ್ಮ, ಬಾಗಿಲಲ್ಲಿ ನಿಂತು.

ಅವನು ಬಕೆಟ್ಟಿನಲ್ಲಿ ನೀರು ತುಂಬಿಸಿ, ಟ್ಯೂಬನ್ನು ಅದ್ದುವ ಹಾಗೆ ಜಾಮೂನಿನ ಪಾದವನ್ನು ಅದ್ದಿದ. ಅಂಗಾಲಿನ ದಿಂಬುಗಳನ್ನು ಒಂದೊಂದಾಗಿ ಒತ್ತಿದ. ಮೊಳೆ ಇಲ್ಲ, ಗಾಜಿಲ್ಲ. ಸಾಲದ್ದಕ್ಕೆ ಅಂಗಡಿಗೆ ಸೈಕಲ್ ತುಳಿದು, ಟೈರಿನಲ್ಲಿ ಕಬ್ಬಿಣ ಹುಡುಕುವ ಅಯಸ್ಕಾಂತದ ತುಂಡನ್ನು ತಂದು ಪಾದದ ಸುತ್ತ ಆಡಿಸಿದ. ಅಯಸ್ಕಾಂತ ಸುಮ್ಮನಿತ್ತು. ಜಾಮೂನು ಸುಮ್ಮನಿರಲಿಲ್ಲ. ಮೂರನೇ ಬೆರಳಿಗೆ ಅವನ ಕೈ ತಾಗಿದ್ದೇ ತಡ, ಗುರ್ರೆಂದು ಅವನ ಅಂಗಿಯ ತೋಳನ್ನು ಹರಿದುಹಾಕಿತು. ಅದು ಅವನನ್ನು ಗುರುಗುಟ್ಟಿದ್ದು ಅದೇ ಮೊದಲು.

ಸಂಜೆಯ ಹೊತ್ತಿಗೆ ಆ ಬೆರಳು ಊದಿಕೊಂಡಿತು. "ನನ್ನ ಲೆಕ್ಕ ತಪ್ಪದ ಅಕ್ಕಾರ" ಎಂದ ಚಂದ್ರಾಮಪ್ಪ, ಮುಖ ಸಣ್ಣದು ಮಾಡಿಕೊಂಡು. "ಡಾಕ್ಟರ್ ಕಡಿ ಹೋಗೋಣ್ರಿ."

ಪರಿಚಯದ ಆಟೋದವನು ಅಸ್ಗರ್. ಅವನ ಟೈರುಗಳಿಗೆಲ್ಲ ಪ್ಯಾಚ್ ಹಾಕಿದ್ದು ಚಂದ್ರಾಮಪ್ಪನೇ. ಆದ್ದರಿಂದ ನಾಯಿ ಎಂದು ಅವನು ಮೂತಿ ತಿರುಗಿಸಲಿಲ್ಲ. "ಸೀಟ್ ಮೇಲೆ ಕೂರಿಸ್ರಿ ಭಾಯ್, ನಮ್ ಸವಾರಿ ತಾನೇ" ಎಂದ. ಕಾಕ್ಸ್‌ಟೌನಿನವರೆಗೂ ಜಾಮೂನು ತಲೆ ಹೊರಗಿಟ್ಟುಕೊಂಡು ಗಾಳಿ ಕುಡಿಯಿತು. ಕ್ಲಿನಿಕ್ಕಿನ ಬೆಂಚಿನ ಮೇಲೆ ಬುಟ್ಟಿಯಲ್ಲೊಂದು ಬೆಕ್ಕು ಕೂತಿತ್ತು. ಅದನ್ನು ಕಂಡದ್ದೇ ಜಾಮೂನು ನಾಲ್ಕೂ ಕಾಲೂರಿ ನುಗ್ಗಿತು.

ಡಾಕ್ಟರ್ ಸಾಬಿರಾ ಬಾಗಿಲಲ್ಲೇ ನಿಂತು ನೋಡಿದರು. "ಕುಂಟೋ ನಾಯಿ ಯಾವುದು?"

"ಇದೇ ಡಾಕ್ಟ್ರೇ. ಆಣೆಗೂ ಬೆಳಗ್ಗಿಂದ ಕುಂಟ್ತಾ ಇದ್ಳು" ಎಂದು ಪ್ರೇಮಕ್ಕ ನಾಚಿಕೊಂಡಳು.

ಮೇಜಿನ ಮೇಲೆ ನಿಲ್ಲಿಸಿದಾಗ ಕಾಲು ಮತ್ತೆ ಮೇಲೆದ್ದಿತು. ಸಹಾಯಕ ಹಿಡಿಯಲು ಬಂದವನು ಹಲ್ಲು ಕಂಡು ಹಿಂದೆ ಸರಿದ. ಚಂದ್ರಾಮಪ್ಪ ಹೆಗಲ ಮೇಲಿನ ಟವೆಲನ್ನು ತೆಗೆದು ಜಾಮೂನಿನ ಕಣ್ಣಿಗೆ ಮೆಲ್ಲಗೆ ಮುಚ್ಚಿ, ಕುತ್ತಿಗೆಯನ್ನು ತನ್ನ ಎದೆಗೆ ಅವಚಿಕೊಂಡು, ಕಿವಿಯ ಬಳಿ "ಹೋ ಹೋ ಹೋ, ನನ್ನ ಬಂಗಾರ" ಎಂದು ಸಣ್ಣ ದನಿಯಲ್ಲಿ ಹೇಳುತ್ತಾ ಹೋದ. ನಾಯಿ ನಿಟ್ಟುಸಿರಿಟ್ಟು ಅವನಿಗೆ ಒರಗಿತು. ಡಾಕ್ಟರ್ ಒಂದು ಸಲ ಅವನ ಮುಖ ನೋಡಿ, ಬೆರಳಿಗೆ ದೀಪ ಹಿಡಿದರು.

"ಉಗುರು ಸೀಳಿದೆ, ಬುಡದ ತನಕ. ನೋಡಿ, ಎಷ್ಟು ಉದ್ದ ಬೆಳೆದಿದೆ! ಎಲ್ಲೋ ಸಿಕ್ಕಿಹಾಕಿಕೊಂಡು ಎಳೆದಿದೆ. ಎಲ್ಲಿಗಾದರೂ ಹಾರುತ್ತಾ?"

ಚಂದ್ರಾಮಪ್ಪ ಆ ಉಗುರನ್ನೇ ನೋಡಿದ. ಸೈಕಲ್ ಕ್ಯಾರಿಯರಿನ ತಂತಿಗಳು ಕಣ್ಣ ಮುಂದೆ ಬಂದವು. ಹಿಂದಿನ ಸಂಜೆ ಜಾಮೂನು ಇಳಿಯುವಾಗ ಒಮ್ಮೆ ಕುಂಯ್ ಎಂದಿತ್ತು. ಅವನು ಅದನ್ನು ಪ್ರೀತಿ ಎಂದುಕೊಂಡಿದ್ದ.

"ನನ್ನ ಸೈಕಲ್ಲಿಗೆ ಹಾರ್ತದ್ರಿ ಮೇಡಮ್ಮಾರ. ತಪ್ಪು ನಂದೇ" ಎಂದ.

"ಇಲ್ಲ ಇಲ್ಲ, ನಾನೇ ವಾಕಿಂಗ್ ನಿಲ್ಲಿಸ್ಬಿಟ್ಟೆ, ಉಗುರು ಸವೀಲೇ ಇಲ್ಲ" ಎಂದಳು ಪ್ರೇಮಕ್ಕ.

"ತಪ್ಪು ಆಮೇಲೆ ಹಂಚಿಕೊಳ್ಳಿ. ಈಗ ಗಟ್ಟಿಯಾಗಿ ಹಿಡೀರಿ" ಎಂದು ಡಾಕ್ಟರ್ ನಕ್ಕು, ನೋವು ತಿಳಿಯದಂತೆ ಸೂಜಿ ಕೊಟ್ಟು, ಸೀಳಿದ ಭಾಗವನ್ನು ತೆಗೆದು, ತೊಳೆದು ಪಟ್ಟಿ ಕಟ್ಟಿದರು. ಮಾತ್ರೆ ಬರೆದುಕೊಟ್ಟು, ಹತ್ತು ದಿನ ಎಲ್ಲೂ ಹಾರಿಸಬೇಡಿ ಎಂದರು. ಆಮೇಲೆ ಉಳಿದ ಉಗುರುಗಳನ್ನು ಕತ್ತರಿಸತೊಡಗಿದರು. ಚಂದ್ರಾಮಪ್ಪ ಕಣ್ಣು ಕೀಲಿಸಿ ನೋಡುತ್ತಿದ್ದ.

"ಕರೀ ಉಗುರು. ರಕ್ತನಾಳ ಕಾಣಿಸಲ್ಲ. ಅದಕ್ಕೇ ಸ್ವಲ್ಪ ಸ್ವಲ್ಪ ತೆಗೀಬೇಕು" ಎಂದರು ಡಾಕ್ಟರ್.

"ನಡುವ ಹಸಿ ಹಸಿ ಬಣ್ಣ ಕಾಣ್ಲಾಕ ಹತ್ತಿದ್ರ ನಿಲ್ಲಸಬೇಕಲ್ರಿ?" ಎಂದ ಅವನು. "ಗೊರಸು ಹೆರೀವಾಗೂ ಹಂಗೇರಿ. ಇನ್ನೊಂದು ಪದರ ಹೋದ್ರ ರಕ್ತ."

ಡಾಕ್ಟರ್ ಕತ್ತರಿಯನ್ನು ಹಾಗೆಯೇ ಅವನ ಕೈಗೆ ಕೊಟ್ಟರು. ಹಿಂಗಾಲಿನ ಎಂಟು ಉಗುರುಗಳನ್ನು ಚಂದ್ರಾಮಪ್ಪ ಕತ್ತರಿಸಿದ. ಒಂದು ಹನಿ ರಕ್ತ ಬರಲಿಲ್ಲ. ಊರು ಬಿಟ್ಟ ಆರು ವರ್ಷದ ಮೇಲೆ ಜೀವವಿರುವ ಕಾಲೊಂದು ಅವನ ಅಂಗೈಯಲ್ಲಿತ್ತು. ಅದರ ಬಿಸಿ ತಾಗುತ್ತಿತ್ತು. ಕತ್ತರಿಯನ್ನು ಟವೆಲಿನಿಂದ ಒರೆಸಿ ಮೇಜಿನ ಮೇಲಿಟ್ಟ.

"ಭಾನುವಾರ ಬೆಳಿಗ್ಗೆ ಬರ್ತೀರಾ?" ಎಂದು ಡಾಕ್ಟರ್ ಕೇಳಿದರು. "ಉಗುರು ಕತ್ತರಿಸೋಕೆ ಅಂತ ನಾಯಿಗಳು ಬರ್ತವೆ. ಕಾಲು ಕೊಡೋದೇ ಇಲ್ಲ. ಹಿಡಿಯೋದಕ್ಕೂ ಕತ್ತರಿಸೋದಕ್ಕೂ ನಿಮ್ಮಂಥ ಕೈ ಬೇಕು. ಸುಮ್ನೆ ಅಲ್ಲ, ಕೆಲಸಕ್ಕೆ ತಕ್ಕ ಹಾಗೆ ಕೊಡ್ತೀನಿ."

"ಭಾನುವಾರ ಅಂಗಡಿ ಹನ್ನೊಂದಕ್ಕ ತೆಗೀತದರಿ" ಎಂದ ಚಂದ್ರಾಮಪ್ಪ. ಒಪ್ಪಿದನೆಂದೇ ಅದರ ಅರ್ಥ.

ಹತ್ತು ದಿನ ಅವನು ಸೈಕಲ್ಲನ್ನು ಬೀದಿಯ ಮೂಲೆಯಲ್ಲೇ ನಿಲ್ಲಿಸಿ, ಗಂಟೆ ಬಾರಿಸದೆ ನಡೆದು ಬಂದ. ಪಟ್ಟಿ ಬಿಚ್ಚಿದ ಮೇಲೆ ಜಾಮೂನನ್ನು ಬೆಳಿಗ್ಗೆ ಡಾಂಬರು ರಸ್ತೆಯಲ್ಲಿ ನಡೆಸುವ ಕೆಲಸವನ್ನು ಶೇಷಮ್ಮ ತಾನೇ ವಹಿಸಿಕೊಂಡಳು. ಮೊದಮೊದಲು ನಾಯಿ ಅವಳನ್ನು ಎಳೆಯುತ್ತಿತ್ತು, ಆಮೇಲೆ ಇಬ್ಬರೂ ಒಂದೇ ನಡಿಗೆಗೆ ಬಂದರು. ಒಂದೆರಡು ತಿಂಗಳಲ್ಲಿ ಮೂರನೇ ಬೆರಳಲ್ಲಿ ಹೊಸ ಉಗುರು ಮೊಳೆಯಿತು, ಕೊಂಚ ಸೊಟ್ಟಗೆ.

ಕಾಕ್ಸ್‌ಟೌನಿನ ನಾಯಿಗಳಿಗೂ ಅವುಗಳ ಯಜಮಾನರಿಗೂ ಚಂದ್ರಾಮಪ್ಪ ಬೇಗ ರೂಢಿಯಾದ. ಕೆಲವರು ಅವನನ್ನೂ ಡಾಕ್ಟರೆಂದೇ ಕರೆದಾಗ, ಅಲ್ಲರೀ ಎಂದು ತಿದ್ದುವುದರಲ್ಲೇ ಅವನಿಗೆ ಅರ್ಧ ಬೆಳಗು ಕಳೆಯುತ್ತಿತ್ತು. ಭಾನುವಾರ ಒಂಬತ್ತಕ್ಕೆ ಹೋಗಬೇಕಾದವನು ಏಳಕ್ಕೇ ಮಿಂದು, ಇಸ್ತ್ರಿಯ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಕನ್ನಡಿಯ ಮುಂದೆ ನಿಲ್ಲುತ್ತಿದ್ದ.

"ನಾಯಿ ನೋಡ್ಲಾಕ ಹೊಂಟೀರೋ, ಕನ್ಯಾ ನೋಡ್ಲಾಕ ಹೊಂಟೀರೋ?" ಎಂದು ಶೇಷಮ್ಮ ಒಲೆಯ ಮುಂದಿನಿಂದ ಕೇಳುತ್ತಿದ್ದಳು.