ಅಕ್ಕನ ಹೊಟ್ಟೆಯ ಮೇಲೆ ಇಟ್ಟ ಕೈ

ನನ್ನ ಕೈಯಲ್ಲಿ ಶಕ್ತಿ ಇದೆಯೆಂದು ಬ್ಯಾಡಗಿಯ ಜನ ಎಂಟು ವರ್ಷ ನಂಬಿದ್ದರು. ಶಕ್ತಿ ಇರಲಿಲ್ಲ. ಇದ್ದದ್ದು ಮೆಣಸಿನಕಾಯಿಯ ಖಾರ. ಇದನ್ನು ಬರೆದಿಡದೆ ಸಾಯಬಾರದೆಂದು ಕುಳಿತಿದ್ದೇನೆ.

ಎಸ್ಸೆಸ್ಸೆಲ್ಸಿ ಮುಗಿಸಿ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿ ಸೇರಿದವನು ನಾನು. ಕಾಯಿ ಆರಿಸುವುದು, ಚೀಲ ತುಂಬಿಸುವುದು ನನ್ನ ಕೆಲಸ. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಖಾರವೇನಿದ್ದರೂ ಲಾರಿಯಲ್ಲಿ ಬರುವ ಗುಂಟೂರು ಕಾಯಿಗೆ. ಎರಡನ್ನೂ ಮುಟ್ಟಿ ಮುಟ್ಟಿ ನನ್ನ ಅಂಗೈ ಜಡ್ಡುಗಟ್ಟಿತ್ತು. ಉರಿ ನನಗೆ ತಿಳಿಯುತ್ತಲೇ ಇರಲಿಲ್ಲ.

ಐವತ್ತು ದಾಟಿದ ಮೇಲೆ ಸೊಂಟ ನೋವಿಗೆಂದು ಒಮ್ಮೆ ರಾಣೆಬೆನ್ನೂರಿನ ಕಲ್ಯಾಣಮಂಟಪದಲ್ಲಿ ನಡೆದ ಶಕ್ತಿ ಚಿಕಿತ್ಸೆಯ ಶಿಬಿರಕ್ಕೆ ಅಂಗಡಿಯಿಂದ ನೇರವಾಗಿ ಹೋದೆ. ಒಬ್ಬರ ಮೈಮೇಲೆ ಒಬ್ಬರು ಕೈ ಇಟ್ಟು ಕಣ್ಣು ಮುಚ್ಚಿರಿ ಎಂದರು. ಪಕ್ಕದಲ್ಲಿದ್ದ ನಿವೃತ್ತ ಮಾಸ್ತರರ ಕುತ್ತಿಗೆಯ ಮೇಲೆ ನಾನು ಕೈ ಇಟ್ಟೆ. ಐದು ನಿಮಿಷ ಆಗಿರಲಿಲ್ಲ, ಅವರು ಕೂಗಿದರು: "ಅಯ್ಯಪ್ಪಾ, ಕೆಂಡ ಇಟ್ಟಂಗ ಆಗಾಕತ್ತೈತ್ರಿ!"

ಕಲಿಸುವವರು ಓಡಿ ಬಂದು ನನ್ನ ಕೈ ಎತ್ತಿ ಸಭೆಗೆ ತೋರಿಸಿದರು. ನನಗೆ ಅಳು ಬಂತು. ಆ ದಿನ ನಾನು ಖರೇನೇ ನಂಬಿದ್ದೆ. ಮುಂದಿನ ಶನಿವಾರ ಕದರಮಂಡಲಗಿಗೆ ಹೋಗಿ ಹನುಮಪ್ಪನ ಮುಂದೆ ಉದ್ದಂಡ ಬಿದ್ದೆ.

ಜನ ಬರತೊಡಗಿದರು. ಮೊಣಕಾಲು, ಸೊಂಟ, ಹೆಗಲು. ಒಂದು ಸಲ ಜ್ವರ ಬಂದು ಹತ್ತು ದಿನ ಅಂಗಡಿಗೆ ಹೋಗಲಿಲ್ಲ. ಆಗ ಬಂದ ಹೆಂಗಸೊಬ್ಬಳು, "ಯಾಕ್ರೀ ಯಜ್ಜಾ, ಇವತ್ತ ಏನೂ ಬಿಸಿ ಹತ್ತವಲ್ದು?" ಎಂದಳು. ಮತ್ತೆ ಅಂಗಡಿಗೆ ಹೋಗಿ ಗುಂಟೂರು ಕಾಯಿಯ ಚೀಲಕ್ಕೆ ಕೈ ಹಾಕಿದಾಗ ನನಗೆ ಎಲ್ಲ ಹೊಳೆಯಿತು.

ಅಂದೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಜನ ಬರುವ ಮೊದಲು ಒಂದು ಕಾಯಿ ಮುರಿದು ಅಂಗೈಗೆ ತಿಕ್ಕಿ ಒರೆಸಿಕೊಳ್ಳತೊಡಗಿದೆ. ನೋವು ಕಡಿಮೆಯಾಗುವುದಂತೂ ಸುಳ್ಳಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ. ಕೋಲೂರಿ ಬಂದ ಮುದುಕಿಯೊಬ್ಬಳು ಕೋಲು ನಮ್ಮ ಕಟ್ಟೆಯ ಮೇಲೆಯೇ ಮರೆತು ನಡೆದುಹೋಗಿದ್ದಳು. ನಾನು ಹಣ ಮುಟ್ಟುತ್ತಿರಲಿಲ್ಲ. ನಾನು ಬಂದರೆ ಜನ ಎದ್ದು ನಿಲ್ಲುತ್ತಿದ್ದರು, ಅಷ್ಟೇ ಸಾಕಾಗಿತ್ತು.

ಆಮೇಲೆ ಅಕ್ಕನಿಗೆ ಹೊಟ್ಟೆಯಲ್ಲಿ ಗಂಟು ಕಾಣಿಸಿತು.

ಅಕ್ಕನನ್ನು ಹಲಗೇರಿಗೆ ಕೊಟ್ಟಿದ್ದರು. ನಮ್ಮವ್ವ ತೀರಿಕೊಂಡ ಮೇಲೆ ನನ್ನನ್ನು ಬಗಲಲ್ಲಿ ಎತ್ತಿಕೊಂಡು ಬೆಳೆಸಿದವಳು ಅವಳೇ. ಅನ್ನ ಸೇರದೆ ಸೊರಗಿದ್ದಳು. ಹಾವೇರಿಯ ದವಾಖಾನೆಗೆ ನಡಿ ಎಂದು ಮಗ ಕರೆದರೆ, ತಮ್ಮನ ಕೈ ಇರುವಾಗ ದವಾಖಾನೆ ಯಾಕೆ ಎನ್ನುತ್ತಿದ್ದಳು. ಅವಳ ಮಗ ರಾಣೆಬೆನ್ನೂರಿನಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ನಾನು ಹೋದ ದಿನ ಅವನು ಒಂದು ಮುಲಾಮಿನ ಟ್ಯೂಬನ್ನು ನನ್ನ ಮುಂದೆ ಇಟ್ಟ.

"ಮಾಮಾ, ಇದರಾಗೂ ಮೆಣಸಿನಕಾಯಿ ಸತ್ವನ ಐತಿ. ಮೊಣಕಾಲಿಗೆ ಹಚ್ಚಿದ್ರ ನೋವು ಕಮ್ಮಿ ಆಗ್ತದ. ನಿಮ್ಮ ಶಕ್ತಿನೂ ಇದ. ಹೊಟ್ಟ್ಯಾಗಿನ ಗಂಟು ಇದಕ್ಕ ಕರಗತೈತೇನು?"

ಅಕ್ಕ ಮಲಗಿದ್ದಲ್ಲಿಂದಲೇ ನಕ್ಕಳು. "ಬ್ಯಾಡಗಿ ಕಾಯಿಗೆ ಎಲ್ಲೀ ಖಾರೋ ಹುಚ್ಚಪ್ಪಾ? ನಿನ್ನ ನಾಲಿಗಿಗೇ ಅದಕ್ಕಿಂತ ಹೆಚ್ಚೈತಿ."

"ಹಂಗಾರ ಮಾಮಾ ಎಣ್ಣಿ ಹಚ್ಚಿ ತೊಳಕೊಂಡು ಕೈ ಇಡಲಿ. ಖಾರ ನೀರಿಗೆ ಹೋಗೂದಿಲ್ಲ, ಎಣ್ಣಿಗೆ ಹೋಗ್ತದ."

"ಆತು," ಎಂದಳು ಅಕ್ಕ. "ಕೈ ತಣ್ಣಗಿತ್ತಂದ್ರ ನಾಳೆನ ಹಾವೇರಿಗೆ ಬರ್ತೀನಿ. ಬಿಸಿ ಇತ್ತಂದ್ರ ಮತ್ತ ದವಾಖಾನಿ ಹೆಸರು ಎತ್ತಬ್ಯಾಡ."

ನನಗೆ ಒಳಗೊಳಗೇ ಹಗುರವಾಯಿತು. ನಾನು ಬಾಯಿ ಬಿಡದೆಯೇ ಸತ್ಯ ಹೊರಬೀಳುತ್ತದೆ, ಅಕ್ಕ ಉಳಿಯುತ್ತಾಳೆ. ಅವನು ಶೇಂಗಾ ಎಣ್ಣೆ ಸುರಿದ, ನಾನು ತಿಕ್ಕಿದೆ. ಕಡಲೆಹಿಟ್ಟು ಹಚ್ಚಿ ಮೂರು ಸಲ ತೊಳೆದೆ. ಉಗುರುಸಂದಿಯನ್ನೂ ಬಿಡಲಿಲ್ಲ. ಅಕ್ಕನ ಹೊಟ್ಟೆಯ ಮೇಲೆ ಕೈ ಇಟ್ಟೆ. ಗಂಟು ಅಂಗೈಗೆ ತಾಗಿತು. ಅಕ್ಕ ಒಂದು ಗಳಿಗೆ ನನ್ನ ಮುಖ ನೋಡಿದಳು, ಆಮೇಲೆ ಕಣ್ಣು ಮುಚ್ಚಿದಳು.

"ಬಿಸಿ ಐತೋ ತಮ್ಮಾ. ಕೆಂಡದಂಗ ಐತಿ."

ನನ್ನ ಕೈ ಒರೆಸಲು ತಂದಿದ್ದ ಟವೆಲ್ಲನ್ನು ಮಗ ನೆಲಕ್ಕೆ ಎಸೆದು ಹೊರಗೆ ಹೋದ.

ಅವತ್ತು ನಾನೂ ಮರುಳಾದೆ. ಖಾರವಿಲ್ಲದೆಯೂ ಬಿಸಿಯಾಯಿತೆಂದರೆ ಹನುಮಪ್ಪ ಕೊಟ್ಟದ್ದು ಏನೋ ಇರಬೇಕು ಎಂದುಕೊಂಡೆ. ಸಂಜೆ ಬಸ್ಸಿನಲ್ಲಿ ಕುಳಿತಾಗ ಆ ಮರುಳು ಇಳಿಯಿತು. ಇಳಿದು ವಾಪಸು ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆಮೇಲೂ ಮೂರು ಸಲ ಹೋಗಿ ಕೈ ಇಟ್ಟು ಬಂದೆ, ಮೂರು ಸಲವೂ ಖಾರ ತಿಕ್ಕಿಕೊಂಡು.

ಎರಡು ತಿಂಗಳ ಮೇಲೆ ಅಕ್ಕ ಎಚ್ಚರ ತಪ್ಪಿದಳು. ಹಾವೇರಿಯ ಡಾಕ್ಟರು ಹೊಟ್ಟೆಯ ಸ್ಕ್ಯಾನಿಂಗ್ ಫೋಟೋ ಬೆಳಕಿಗೆ ಹಿಡಿದು ನೋಡಿ, ಎರಡು ತಿಂಗಳ ಹಿಂದೆ ತಂದಿದ್ದರೆ ಆಪರೇಷನ್ನಾದರೂ ಮಾಡಬಹುದಿತ್ತು ಎಂದರು. ಇಪ್ಪತ್ತು ದಿನಕ್ಕೆ ಅಕ್ಕ ಹೋದಳು.

ಅಕ್ಕನ ದಿನಕರ್ಮಗಳೆಲ್ಲ ಮುಗಿದ ಮೇಲೆ ಹಲಗೇರಿಗೆ ಹೋಗಿ ಅವಳ ಮಗನ ಮುಂದೆ ಕುಳಿತೆ. "ಅವತ್ತ ನನ್ನ ಕೈಯಾಗ ಏನೂ ಇರಲಿಲ್ಲಪ್ಪಾ. ತಣ್ಣಗಿತ್ತು."

"ಗೊತ್ತೈತಿ," ಎಂದ.

"ಹ್ಯಾಂಗ?"

"ದವಾಖಾನಿಯೊಳಗ ಎಚ್ಚರಾದಾಗ ಅವ್ವ ಹೇಳಿದ್ಲು. 'ನೀರಿನಂಗ ತಣ್ಣಗಿತ್ತೋ. ಅವನ ಮಾರಿ ನೋಡಿದೆ, ಬಾಡಿ ಹೋಗಿತ್ತು. ನಿನ್ನ ಮುಂದ ಅವನ ಮಾನ ಹೋಗಬಾರದಂತ ಬಿಸಿ ಐತಿ ಅಂದೆ. ನಾಳೆ ನಾಡದ್ದು ತಾನ ಬಂದು ಹೇಳ್ತಾನ, ಆಗ ಹೋದ್ರಾತು ಅಂತ ದಾರಿ ಕಾಯ್ತಿದ್ದೆ' ಅಂದ್ಲು."

ಅವನು ಬೈಯಲಿಲ್ಲ. ಒಳಗೆ ಹೋಗಿ ಚಹಾ ತಂದಿಟ್ಟ.

ಈಗಲೂ ಜನ ಬರುತ್ತಾರೆ. ಇಲ್ಲಿ ಬರೆದದ್ದನ್ನೇ ಅವರಿಗೂ ಹೇಳುತ್ತೇನೆ. "ದೊಡ್ಡವ್ರು ಹಂಗ ಅಂತಾರ ಬಿಡ್ರಿ" ಎಂದು ಕೆಲವರು ನಕ್ಕು ಮೊಣಕಾಲು ಚಾಚುತ್ತಾರೆ. ಮೊಣಕಾಲಾದರೆ ಮುಲಾಮು ಸಿಗುವ ಅಂಗಡಿ ಹೇಳುತ್ತೇನೆ. ಹೊಟ್ಟೆ, ಎದೆ ಎಂದರೆ ಹಾವೇರಿ ಬಸ್ಸಿನವರೆಗೆ ಜೊತೆಗೆ ನಡೆಯುತ್ತೇನೆ. ಕೈ ಮಾತ್ರ ಇಡುವುದಿಲ್ಲ.