ಬೋರಮ್ಮತ್ತೆ ಹಾಕಿಸಿದ ಬೇಲಿ

ಬಾಯಿಗಿಟ್ಟ ತುತ್ತಿನಲ್ಲಿ ಮರಳು ಕರಕ್ ಎಂದರೆ ಸಾಕು, ಪರಶುರಾಂಪುರದಾಚೆ ಹಗರಿ ಹೊಳೆಯ ದಂಡೆಯಲ್ಲಿದ್ದ ಬೋರಮ್ಮತ್ತೆಯ ಮನೆ ಇಂದಿಗೂ ನನ್ನ ಕಣ್ಣಿಗೆ ಕಟ್ಟುತ್ತದೆ. ಆಕೆ ನಮ್ಮಪ್ಪನ ಅಕ್ಕ. ಮಕ್ಕಳಿಲ್ಲದ ಆ ಮನೆಗೆ ಬೇಸಿಗೆ ಬಂದರೆ ನಾನೇ ಮಗಳು. ಒಣಗಿದ ಹೊಳೆಯಿಂದ ಗಾಳಿ ಹೊತ್ತು ತಂದ ಮರಳು ದಂಡೆಯುದ್ದಕ್ಕೂ ದಿಬ್ಬ ದಿಬ್ಬವಾಗಿ ಬಿದ್ದಿತ್ತು. ಸಮುದ್ರ ಕಾಣದ ನಮಗೆ ಅದೇ ಸಮುದ್ರತೀರ. ಬೆಳಗಿನ ತಂಪಿನಲ್ಲಿ ಅತ್ತೆ ನನ್ನನ್ನು ದಿಬ್ಬ ಹತ್ತಿಸಿ, ನರಿ, ಮೊಲ, ಜಿಂಕೆಗಳ ಹೆಜ್ಜೆ ತೋರಿಸುತ್ತಿದ್ದಳು. ಬರಿಗಾಲಿಗೆ ತಣ್ಣಗೆ ತಾಗುತ್ತಿದ್ದ ಆ ಮರಳಿನ ಸುಖವನ್ನು ನಿಮಗೆ ಹೇಗೆ ಹೇಳಲಿ!

ಮರಳು ಅಂಗಳಕ್ಕೂ ನುಗ್ಗತೊಡಗಿದಾಗ ಅತ್ತೆ ಪಡುವಣ ಗೋಡೆಯ ಪಕ್ಕದಲ್ಲೇ ಜಾಲಿಮುಳ್ಳಿನ ಬೇಲಿ ಹಾಕಿಸಿದಳು. ಮಾವ ಬೇಡವೆನ್ನಲಿಲ್ಲ, ಅತ್ತೆಗೆ ಬೇಡವೆನ್ನುವ ಗಂಡಸು ಆ ಸೀಮೆಯಲ್ಲೇ ಇರಲಿಲ್ಲ. ಬೇಲಿಯೇನೋ ಮರಳನ್ನು ತಡೆಯಿತು. ತಡೆದ ಮರಳು ಅದರ ಬುಡದಲ್ಲೇ ನಿಂತಿತು. ಬೇಲಿ ಮುಳುಗಿದಾಗ ಅದರ ಮೇಲೆ ಇನ್ನೊಂದು ಹಾಕಿಸಿದಳು, ಅದೂ ಮುಳುಗಿದಾಗ ಮತ್ತೊಂದು. ಮರಳಿನ ಗುಡ್ಡೆ ಮನೆಯ ಮಣ್ಣಿನ ಮಾಳಿಗೆಯ ಎತ್ತರಕ್ಕೆ ಬಂದರೂ ನಾವೆಲ್ಲ ಅದನ್ನು ಬೇಲಿಯ ಗೆಲುವೆಂದೇ ನಂಬಿದ್ದೆವು.

ಒಂದು ವರ್ಷ ಬೇಸಿಗೆಯಲ್ಲಿ ಹೋಗಲಾಗದೆ, ಆಷಾಢದ ಗಾಳಿ ಕಳೆದ ಮೇಲೆ ಗಾಡಿ ಕಟ್ಟಿಸಿಕೊಂಡು ಹೋದೆವು. ಊರ ಮುಂದೆ ಕಾಯುತ್ತಿದ್ದ ಅತ್ತೆ ನನ್ನ ಕೈ ಹಿಡಿದು ದಿಬ್ಬ ಹತ್ತಿಸಿದಳು. ನೆತ್ತಿಯ ಮೇಲೆ ಜಿಂಕೆಯ ಹೊಸ ಹೆಜ್ಜೆಗಳಿದ್ದವು. ಅವನ್ನು ನೋಡಿ ಕುಣಿದಾಡಿ, ಸುತ್ತ ಕಣ್ಣಾಡಿಸಿದೆ.

"ಅತ್ತೆ, ಮನೆ ಎಲ್ಲೈತೆ?"

"ನೀ ನಿಂತಿರೋದೇ ಅಡಿಗೆಮನೆ ಮ್ಯಾಲೆ ಕಣವ್ವ."

ಎತ್ತಿದ ಕಾಲನ್ನು ಎಲ್ಲಿಡಬೇಕೋ ತಿಳಿಯದೆ ಅತ್ತೆಯ ಸೆರಗು ಹಿಡಿದುಕೊಂಡೆ. ಬಿರುಗಾಳಿಗೆ ಗುಡ್ಡೆ ಮಾಳಿಗೆಯ ಮೇಲೆ ಹರಿದು, ಭಾರಕ್ಕೆ ತೊಲೆ ಮುರಿದಿತ್ತಂತೆ. ಮಾವನೂ ಅವಳೂ ದನ ಬಿಚ್ಚಿಕೊಂಡು ಮೈದುನನ ಕೊಟ್ಟಿಗೆ ಸೇರಿದ್ದರು. ಅತ್ತೆ ಅಳಲಿಲ್ಲ. "ಬೇಲಿ ಹಾಕದಿದ್ರೆ ಮರಳು ಅದರ ಪಾಡಿಗೆ ಹಾದು ಹೋಗ್ತಿತ್ತು ಅಂತಾರೆ ಊರೋರು. ಹೌದೇನವ್ವ?" ಎಂದಳು. ಯಾರ ಮಾತನ್ನೂ ಕೇಳದ ಹೆಂಗಸು ಮೊಣಕಾಲುದ್ದದ ನನ್ನನ್ನು ಕೇಳುತ್ತಿದ್ದಳು. ನನಗೆ ಭಯವಾಯಿತು.

ಅತ್ತೆ ತೀರಿಹೋಗಿ ಬಹಳ ಕಾಲವಾಯಿತು. ಆ ದಿಬ್ಬ ಮೂಡಣಕ್ಕೆ ಸರಿದು ಹೋಗಿದೆಯಂತೆ. ಮನೆಯ ಗೋಡೆಗಳು ಮತ್ತೆ ಎದ್ದು ಕಾಣುತ್ತವಂತೆ. ಬಂದು ನೋಡೆಂದು ಊರವರು ಕರೆಯುತ್ತಾರೆ. ನಾನು ಹೋಗಿಲ್ಲ.