ಬನಿಯನ್ ತಂಡದ ಜೆರ್ಸಿ

ಪೀಣ್ಯದ ನಮ್ಮ ಹಳೆಯ ಕಾರ್ಖಾನೆ ಮುಚ್ಚಿದ ಮೇಲೆ ನಾಗಸಂದ್ರದಲ್ಲಿ ಕಬ್ಬಿಣ ಕಡೆಯುವ ನನ್ನದೇ ಒಂದು ಲೇತ್ ಹಾಕಿಕೊಂಡೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಕೆಲಸದಲ್ಲಿ ಯಾರಿಂದಲೂ ಹೇಳಿಸಿಕೊಂಡವನಲ್ಲ. ಒಂದು ದಿನ ಪಾರ್ಟು ನೋಡಲು ಬಂದ ಎಂಜಿನಿಯರ್ ಒಬ್ಬರ ಟಿ-ಶರ್ಟ್ ಮೇಲೆ ನಮ್ಮ ಆ ಹಳೆಯ ಕಾರ್ಖಾನೆಯ ಕಬಡ್ಡಿ ತಂಡದ ಹೆಸರಿತ್ತು.

"ವೈಟ್‌ಫೀಲ್ಡ್ ಮಾಲ್‌ನಲ್ಲಿ ತಗೊಂಡೆ ಅಣ್ಣ. ಹಳೇ ಫ್ಯಾಕ್ಟರಿ ಟೀಮ್‌ಗಳ ಶರ್ಟ್ ಈಗ ಫ್ಯಾಶನ್. ಒರಿಜಿನಲ್ ಜೆರ್ಸಿ ಡಿಸೈನ್ ಅಂತೆ," ಎಂದರು.

"ಆ ಟೀಮಲ್ಲಿ ನಾನೇ ಆಡಿದೀನಿ ಸಾರ್. ನಮಗೆ ಜೆರ್ಸೀನೇ ಇರ್ಲಿಲ್ಲ."

ಕಂಪನಿ ನಮಗೆ ಒಂದು ಕರವಸ್ತ್ರವನ್ನೂ ಕೊಟ್ಟಿರಲಿಲ್ಲ. ಕಬ್ಬಿಣಕ್ಕೆ ಗುರುತು ಹಾಕುವ ನೀಲಿ ಬಣ್ಣದಲ್ಲಿ ಬನಿಯನ್ ಬೆನ್ನಿಗೆ ನಂಬರ್ ಬರೆದುಕೊಂಡು ಆಡುತ್ತಿದ್ದೆವು. ಬೆವರಿಗೆ ಅದು ಚರ್ಮಕ್ಕಿಳಿದರೆ ವಾರವಾದರೂ ಹೋಗುತ್ತಿರಲಿಲ್ಲ.

ಎಂಜಿನಿಯರ್ ನಕ್ಕರು. "ಅದು ಬೇರೆ ಟೀಮ್ ಇರ್ಬೇಕು ಬಿಡಿ. ಇದರ ಟ್ಯಾಗ್ ಮೇಲೆ ಪೂರ್ತಿ ಹಿಸ್ಟರಿ ಹಾಕಿದಾರೆ."

ಮೊಣಕಾಲು ಒಡೆದುಕೊಂಡು ನಾನು ಆಡಿದ ಆಟವನ್ನು ಬಟ್ಟೆಯ ಚೀಟಿ ನೋಡಿ ಕಲಿಯಬೇಕಂತೆ!

"ಇರ್ಲಿ, ಜತೆಗೊಂದು ಫೋಟೋ ತಗೊಳ್ಳೋಣ. ಹಳೇ ಪೀಣ್ಯ ಅಂತ ಸ್ಟೇಟಸ್ ಹಾಕ್ತೀನಿ," ಎಂದರು.

ನಾನು ಅಂಗಿ ಬಿಚ್ಚಿ, ತೂತು ಬಿದ್ದ ಬನಿಯನ್ನಿನಲ್ಲಿ ಅವರ ಪಕ್ಕ ನಿಂತೆ. "ತೆಗೀರಿ ಸಾರ್. ಒರಿಜಿನಲ್ ಜೆರ್ಸಿ ಇದೇ."

"ಅಯ್ಯೋ ಅಣ್ಣ, ಶರ್ಟ್ ಹಾಕ್ಕೊಳ್ಳಿ. ಚೆನ್ನಾಗಿ ಕಾಣಲ್ಲ."

"ಆಗ್ಲೂ ಚೆನ್ನಾಗಿ ಕಾಣ್ತಿರ್ಲಿಲ್ಲ ಸಾರ್. ಗೆಲ್ತಿದ್ವಿ, ಅಷ್ಟೇ."

ಅವರು ಫೋನನ್ನು ಜೇಬಿಗಿಟ್ಟರು. ನಾನು ಬನಿಯನ್ನಿನಲ್ಲೇ ಲೇತ್ ಆನ್ ಮಾಡಿದೆ.